ಕಾಗೆ ಮುಟ್ಟದ ಎಡೆ

“ಅಳಿಯಾರ, ಕೈಮುಗಿದು ಹೇಳ್ತೇನಿ. ಸಂಜಿಗೆ ನಿಮ್ಮ ಮಾವನ್ನ ಹೊಗಳೂ ಮೊದಲ ಖರೆ ಹೇಳ್ರಿ.”

ಅತ್ತೆ ಗೌರವ್ವನ ಮಾತಿಗೆ ರಾಜಪ್ಪ ನಕ್ಕುಬಿಟ್ಟ. ಗೋಕಾಕದ ಹೊಳೆದಂಡೆಯಲ್ಲಿ, ಮಾವ ಅಣ್ಣಾಸಾಹೇಬನ ಗೋರಿಯ ಮುಂದೆ, ಮೂರನೆಯ ದಿನದ ಎಡೆ ಬೆಳಗಿನಿಂದ ಒಣಗುತ್ತಿತ್ತು. ಅನ್ನ, ಬದನೆಕಾಯಿ ಪಲ್ಯ, ಬಟ್ಟಲು ತುಂಬ ಮಾವನೇ ಮಾಡಿಟ್ಟಿದ್ದ ದ್ರಾಕ್ಷಿಮದ್ಯ. ಜಾಲಿಯ ಮೇಲೆ ಕಾಗೆಗಳು ಸಾಲಾಗಿ ಕೂತಿದ್ದವು. ಒಂದೂ ಇಳಿಯಲಿಲ್ಲ.

ಬೆಳಗಾವಿ ದಂಡಿನ ಸಾಹೇಬರಿಂದ ಸಾಂಗ್ಲಿಯ ವ್ಯಾಪಾರಿಗಳ ತನಕ ಎಲ್ಲರೂ ಅಣ್ಣಾಸಾಹೇಬನ ದ್ರಾಕ್ಷಿಮದ್ಯಕ್ಕೆ ಕಾದು ಕೂರುತ್ತಿದ್ದರು. ಅಂಥವನು ಗುಟುಕು ನೀರು ಇಳಿಯದೆ ಸತ್ತಿದ್ದ. ಹಾಕಿದ ನೀರೆಲ್ಲ ಕಟವಾಯಿಯಿಂದ ಹರಿದುಹೋಗುತ್ತಿತ್ತು.

“ಸತ್ತೆವ್ವನ ಮಾಟ ಅದು,” ಗೌರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ಕಂದೀಲು ಇಳಸಿ ಗಾಳಿ ನೋಡದ, ಆಕಿ ಮಗ, ನಮ್ಮ ಆಳು ಸತ್ಯಪ್ಪನ್ನ ನೆಲದಡಿ ಹಗೇವಿನ್ಯಾಗ ಇಳಿಸಿದ್ರು. ಉಸಿರುಗಟ್ಟಿ ಸತ್ತ. ಕದ್ದು ಕುಡ್ಯಾಕ ಇಳಿದಿದ್ದ ಅಂತ ನಿಮ್ಮ ಮಾವ ಊರ ಮುಂದ ಹೇಳಿದ್ರು. ನಾನೂ ಬಾಜೂಕ ನಿಂತು ಸುಮ್ನಿದ್ದೆ.”

“ಆಮ್ಯಾಲ?”

“ಮಗನ ಅಂಗಿ, ಸೂಜಿ ಚುಚ್ಚಿದ ನಿಂಬಿಹಣ್ಣು ಹಗೇವಿನ ಬಾಯಾಗ ಹುಗದ್ಲು. ‘ನನ್ನ ಮಗನ್ನ ಕಳ್ಳ ಅಂದ ಗಂಟಲಾಗ ನೀರ ಇಳೀಬಾರ್ದು. ಆ ಸುಳ್ಳ ಹೊತ್ತವರಿಗೂ ಇಳೀಬಾರ್ದು’ ಅಂದ್ಲು.”

“ನಿಂಬಿಹಣ್ಣು ಶರಬತ್ತಿಗೆ ಛಲೋ ಅತ್ತಿ. ಸಂಜಿಗೆ ದೊಡ್ಡ ಮಂದಿ ಬರ್ತಾರ. ಅವರ ಮುಂದ ಮಾವನ ಹೆಸರು ಕೆಡಿಸಿದ್ರ ನಾಳೆ ನಮ್ಮ ಮಾಲು ಯಾರ ತಗೋತಾರ?”

ಜೋಳ ತುಂಬುವ ನೆಲದಡಿಯ ಹಗೇವನ್ನು ಅಣ್ಣಾಸಾಹೇಬ ಮದ್ಯ ತುಂಬಿದ ಮಣ್ಣಿನ ಹರವಿಗಳಿಗೆ ಬಿಟ್ಟಿದ್ದ. ಆ ತಂಪಿನಲ್ಲಿ ಅದು ಹದವಾಗುತ್ತಿತ್ತು. ಬಂದವರಿಗೆ ಎಲ್ಲಕ್ಕಿಂತ ಹಳೆಯ ಹರವಿಯದನ್ನೇ ಕೊಡಬೇಕೆಂದು ರಾಜಪ್ಪ ಮಧ್ಯಾಹ್ನ ಮನೆಗೆ ಮರಳಿ ನಡುವಿಗೆ ಹಗ್ಗ ಬಿಗಿದುಕೊಂಡ. ಆಳು ಖಂಡೆಪ್ಪ ಹಗೇವಿನ ಬಾಯಿಯ ಕಲ್ಲು ಸರಿಸಿದ.

“ಸಾವ್ಕಾರ್ರ, ಮೊದಲ ಕಂದೀಲು ಇಳಸ್ತೇನ್ರಿ. ಅದು ಆರದ ಉಳದ್ರ ನೀವೂ ಉಳೀತೀರಿ.”

“ಹಗ್ಗ ಹಿಡಿಯಪಾ. ಪುರಾಣ ಆಮ್ಯಾಲ ಹೇಳವಂತಿ.”

ಕೆಳಗೆ ಕಾಲೂರಿದಾಗ ಹುಳಿತ ದ್ರಾಕ್ಷಿಯ ವಾಸನೆ ಮುಖಕ್ಕೆ ಬಡಿಯಿತು. ಅದರಡಿ ಮುಗ್ಗಿದ ಜೋಳ, ಹಸಿಮಣ್ಣು. ಮೇಲಿನ ಬೆಳಕಿನ ಬಿಲ್ಲೆ ಸಣ್ಣದಾಗಿ ನಡುಗಿತು. ಕೈಗೆ ತಂಪು ಹರವಿ ಸಿಕ್ಕಿತು. ಆಗ ಕೇಳಿಸಿತು. ಗುಟುಕ್. ಯಾರೋ ನುಂಗಲು ಹೆಣಗುವ ಸದ್ದು. ಬೆನ್ನ ಹಿಂದೆ. ಮತ್ತೆ, ಕಿವಿಯ ಹತ್ತಿರ. ಉಸಿರು ಸಿಗಲಿಲ್ಲ. ಬೆಳಕು ಕಾಣಲಿಲ್ಲ. ಗಂಟಲ ಮೇಲೆ ಬೆರಳು. ಒದ್ದೆ ಬೆರಳು.

“ನಾ ಕದ್ದೇನೇನ್ರಿ?”

“ಇಲ್ಲ! ಇಲ್ಲೋ ಸತ್ಯಪ್ಪ! ಎಲ್ಲಾರ ಮುಂದ ಹೇಳ್ತೇನಿ!”

ಬೆರಳು ಸಡಿಲವಾಯಿತು. ಹಗ್ಗ ಅವನನ್ನು ಮೇಲಕ್ಕೆ ಎಳೆಯಿತು.

ಹೊತ್ತು ಮುಳುಗುವ ಮುನ್ನ ಮನೆಯಂಗಳ ಜನರಿಂದ ತುಂಬಿತು. ಖಂಡೆಪ್ಪ ಕೊಕ್ಕೆ ಹಾಕಿ ಎತ್ತಿದ ಹರವಿಯಿಂದ ಬಟ್ಟಲುಗಳು ತುಂಬಿದವು. ರಾಜಪ್ಪ ಬಟ್ಟಲು ಹಿಡಿದು ಮಾತಾಡಲು ಎದ್ದು ನಿಂತ. ಹಿತ್ತಲ ಗೋಡೆಯ ಬಳಿ ಸತ್ತೆವ್ವ ನಿಂತಿದ್ದಳು. ಬೈಯಲು ಬಂದವಳಂತಿರಲಿಲ್ಲ, ಏನೋ ಕೇಳಿಸಿಕೊಳ್ಳಲು ಬಂದವಳಂತಿದ್ದಳು. ಅವನ ನಾಲಿಗೆಯ ತುದಿಗೆ ಸತ್ಯಪ್ಪನ ಹೆಸರು ಬಂತು.

ಅಷ್ಟರಲ್ಲಿ ಬೆಳಗಾವಿಯ ವ್ಯಾಪಾರಿ ಮಾಲಿಂಗಪ್ಪ ಗಟ್ಟಿಯಾಗಿ ಅಂದ: “ಕದಿಯಾಕ ಹೋಗಿ ಸತ್ತ ಆಳಿಗೂ ಮಣ್ಣು ಮಾಡೂ ಖರ್ಚು ಕೊಟ್ಟ ಪುಣ್ಯಾತ್ಮ ನಮ್ಮ ಅಣ್ಣಾಸಾಹೇಬ. ಹೌದಲ್ರಿ ರಾಜಪ್ಪ? ಇನ್ನ ಆ ಗಾದಿ ನಿಮ್ಮದು.”

ಎಲ್ಲರ ಕಣ್ಣೂ ಅವನ ಮೇಲೆ. ಗೌರವ್ವ ಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದಳು.

ರಾಜಪ್ಪ ನೆಲ ನೋಡಿದ.

“ಹೌದ್ರಿ,” ಅಂದ.

ರೆಕ್ಕೆ ಬಡಿಯಿತು. ದಿನವಿಡೀ ಎಡೆಗೆ ಇಳಿಯದ ಕಾಗೆ ಹೊಳೆಯ ಕಡೆಯಿಂದ ಬಂದು ಅವನ ಮಣಿಕಟ್ಟಿನ ಮೇಲೆ ಕೂತು, ಕೈಯಲ್ಲಿದ್ದ ಬಟ್ಟಲಿಗೆ ಕೊಕ್ಕು ಅದ್ದಿತು.

“ಕಾಗಿ ಮುಟ್ತು! ಸಾವ್ಕಾರ್ರು ತೃಪ್ತರಾದ್ರು!” ಜನ ಕೈಮುಗಿದರು.

ಸತ್ತೆವ್ವ ತಿರುಗಿ ನಡೆದಳು. ಅವಳನ್ನು ಕರೆಯಬೇಕು. ನಿನ್ನ ಮಗ ಕಳ್ಳನಲ್ಲ ಅನ್ನಬೇಕು. ಗಂಟಲು ಸುಡುತ್ತಿತ್ತು. ರಾಜಪ್ಪ ತಂಬಿಗೆ ಕಸಿದು ನೀರು ಸುರಿದುಕೊಂಡ. ಇಳಿಯಲಿಲ್ಲ. ಮತ್ತೆ ಸುರಿದುಕೊಂಡ. ಕಟವಾಯಿಯಿಂದ ಹರಿದು ಹೊಸ ಕೋಟು ತೊಯ್ದುಹೋಯಿತು. ಮಾವ ಹೋದ ದುಃಖ ತಡೆಯದಾಗಿದ್ದಾನೆಂದು ಜನ ಲೊಚಗುಟ್ಟಿದರು.

ಗೌರವ್ವ ಯಾರ ಮುಖವನ್ನೂ ನೋಡಲಿಲ್ಲ. ಗಂಡನ ಬಾಯಿ ಒರೆಸಿದ್ದ ಅದೇ ಸೆರಗಿನಿಂದ ಅಳಿಯನ ಬಾಯಿ ಒರೆಸತೊಡಗಿದಳು.