ಕೆಂಚಿಗೆ ಸೇರಿದ ಮೂಲಂಗಿ

ಗಂಗಾಂಬಿಕಾ ಬುಟ್ಟಿ ಹಿಡಿದು ಓಣಿಗೆ ಇಳಿದದ್ದೇ ತಡ, ಮೂರು ಮನೆಯ ಬಾಗಿಲು ಹಾಕಿಕೊಂಡವು.

ನಾಲ್ಕನೆಯ ಮನೆಯವರಿಗೆ ಬಾಗಿಲು ಹಾಕಲು ಸಮಯ ಸಿಗಲಿಲ್ಲ. ಅವರು ತಮ್ಮ ಮಗನಿಗೆ ನೆಗಡಿ, ಮೂಲಂಗಿ ಆಗಿಬರೋದಿಲ್ಲ ಅಂದರು. ಐದನೆಯ ಮನೆಯವರು ತಮ್ಮ ಹಿತ್ತಲಲ್ಲೇ ಬೇಕಾದಷ್ಟು ಬೆಳೆದಿದೆ ಅಂದರು. ಅವರ ಹಿತ್ತಲಲ್ಲಿ ಒಂದು ತುಳಸಿ ಗಿಡ ಬಿಟ್ಟರೆ ಬೇರೇನೂ ಇರಲಿಲ್ಲ.

ಇದಕ್ಕೆಲ್ಲ ಕಾರಣ ಅವಳ ಅಪ್ಪನ ಕಾಲು. ಅಪ್ಪ ಕೊಟ್ರಯ್ಯ ಕಂಪ್ಲಿಯ ರೈಸ್ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಚೀಲದ ಒಟ್ಟಿಲಿನ ಮೇಲಿಂದ ಜಾರಿ ಬಿದ್ದು ಕಾಲು ಮುರಿದಿತ್ತು. ಮೂರು ತಿಂಗಳು ಮನೆ ಬಿಟ್ಟು ಕದಲಬಾರದು ಅಂತ ಡಾಕ್ಟರ್ ಹೇಳಿದ್ದರು. ಮೊದಲ ವಾರ ಅಪ್ಪ ಗೋಡೆ ನೋಡುತ್ತ ಮಲಗಿದ್ದ. ಎರಡನೆಯ ವಾರ ಯಾರ ಹತ್ತಿರವೂ ಮಾತೇ ಆಡಲಿಲ್ಲ. ಮೂರನೆಯ ವಾರ ಹಿತ್ತಲಿಗೆ ಸ್ಟೂಲ್ ಹಾಕಿಸಿಕೊಂಡು ಕೂತು, ಒಂದು ಪ್ಯಾಕೆಟ್ ಮೂಲಂಗಿ ಬೀಜ ತರಿಸಿ, ಕೈಗೆಟುಕಿದ ಕಡೆಯೆಲ್ಲ ಊರಿದ. ಅವರ ಊರು ಮೆಟ್ರಿಯ ಮಣ್ಣಿಗೆ ಕಾಲುವೆ ನೀರು ಸಿಕ್ಕರೆ ಕೇಳಬೇಕೆ? ಒಂದು ಬೀಜವೂ ಸುಳ್ಳಾಗಲಿಲ್ಲ.

ಮನೆಯಲ್ಲಿ ಮೂಲಂಗಿ ಸಾರು, ಮೂಲಂಗಿ ಪಲ್ಯ, ಮೂಲಂಗಿ ಚಟ್ನಿ ಆಯಿತು. ಅವ್ವ ರೊಟ್ಟಿಯಲ್ಲೂ ತುರಿದು ಹಾಕಿದಳು. ಉಳಿದದ್ದನ್ನು ಓಣಿಯವರಿಗೆ ಕೊಟ್ಟು ಬಾ ಅಂತ ಅಪ್ಪ ದಿನಾ ಗಂಗಾಂಬಿಕಾಳನ್ನು ಕಳಿಸುತ್ತಿದ್ದ. ಅವಳು ಬಂದ ಕೂಡಲೇ ಏನಂದರು ಅಂತ ಕೇಳುತ್ತಿದ್ದ.

ಬಾಗಿಲು ಹಾಕಿಕೊಂಡರು ಅಂತ ಹೇಳಲು ಅವಳಿಗೆ ಬಾಯಿ ಬರಲಿಲ್ಲ. "ಭಾಳ ಚಲೋ ಐತಿ, ನಾಳೆನೂ ಕೊಡು ಅಂದ್ರಪ್ಪ," ಅಂದಳು.

ಅಪ್ಪ ನಕ್ಕ. ಮರುದಿನವೇ ಇನ್ನೊಂದು ಪಾತಿ ಹಾಕಿದ.

ಕೊಟ್ಟು ಬಂದೆ ಅಂದಮೇಲೆ ಬುಟ್ಟಿ ಖಾಲಿ ಆಗಲೇಬೇಕಲ್ಲ. ಓಣಿಯ ಕೊನೆಯಲ್ಲಿ ವಿರುಪಮ್ಮನ ಎಮ್ಮೆ ಕೆಂಚಿ ಇತ್ತು. ವಿರುಪಮ್ಮ ಆಗಲೇ ಎರಡು ಸಲ ಮೂಲಂಗಿ ಬೇಡ ಅಂದಿದ್ದಳು. ಕೆಂಚಿ ಹಾಗೇನೂ ಅನ್ನಲಿಲ್ಲ. ಬೇಲಿಯಾಚೆಯಿಂದ ಕೊಟ್ಟಷ್ಟನ್ನೂ ಸೊಪ್ಪು, ಗೆಡ್ಡೆ, ಮಣ್ಣಿನ ಸಮೇತ ಕರಕರ ತಿಂದು ಮುಗಿಸಿತು. ಅಂದಿನಿಂದ ಗಂಗಾಂಬಿಕಾ ಯಾರಿಗೂ ಕಾಣದಂತೆ ಮೂಲಂಗಿಯನ್ನು ಸ್ಕೂಲ್ ಬ್ಯಾಗಿನಲ್ಲಿ ತುಂಬಿಕೊಂಡು, ದಿನಾ ಸಂಜೆ ನಾಲ್ಕೂವರೆಗೆ ಬೇಲಿಯ ಹತ್ತಿರ ಹೋಗತೊಡಗಿದಳು. ಐದು ಗಂಟೆಗೆ ವಿರುಪಮ್ಮ ಹಾಲು ಕರೆಯುತ್ತಿದ್ದಳು.

ಒಂದು ವಾರದೊಳಗೆ ಊರಲ್ಲಿ ಗುಲ್ಲೆದ್ದಿತು.

ಮೊದಲು ಗಲಾಟೆ ಆದದ್ದು ಹುಲಿಗೇಶನ ಚಾ ಅಂಗಡಿಯಲ್ಲಿ. ಒಬ್ಬ ಗಿರಾಕಿ ಚಾ ಕುಡಿದು, ಲೋಟದೊಳಗೆ ಇಣುಕಿ ನೋಡಿ, ಇದರ ಜೊತೆ ಇಡ್ಲಿ ಕೊಡೋದಿಲ್ಲವಾ ಅಂತ ಕೇಳಿದ. ಹುಲಿಗೇಶ ತಾನೂ ಒಂದು ಗುಟುಕು ಕುಡಿದು ನೋಡಿದ. ಸಾಂಬಾರಿನ ವಾಸನೆ ಹೊಡೆಯುತ್ತಿತ್ತು. ಅವನು ಹಾಲನ್ನು ವಿರುಪಮ್ಮನಿಗೆ ವಾಪಸ್ ಕಳಿಸಿದ. ಓಣಿಯವರೂ ಕಳಿಸಿದರು.

ವಿರುಪಮ್ಮ ಪಾತ್ರೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದಳು. ಬೂದಿ ಹಾಕಿ ತಿಕ್ಕಿದಳು. ಹೊಸ ಪಾತ್ರೆಯನ್ನೇ ತಂದಳು. ವಾಸನೆ ಹೋಗಲಿಲ್ಲ. ಬೆಳಗಿನ ಹಾಲು ಚೆನ್ನಾಗಿರುತ್ತಿತ್ತು, ಸಂಜೆಯದು ಮಾತ್ರ ಕೆಡುತ್ತಿತ್ತು. ಹಾಗಾದರೆ ಸಂಜೆ ಹೊತ್ತು ಯಾರೋ ದೃಷ್ಟಿ ಹಾಕುತ್ತಿದ್ದಾರೆ ಅಂತ ಒಬ್ಬರು ಹೇಳಿದರು. ಹತ್ತಿರದ ಮೊಬೈಲ್ ಟವರ್ ಸಂಜೆಗೇ ಜೋರು ಇರುತ್ತದೆ ಅಂತ ಇನ್ನೊಬ್ಬರು. ವಿರುಪಮ್ಮ ಕೆಂಚಿಯ ಕೊಂಬಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದಳು. ಅದು ತಲೆ ಕೊಡವಿ, ಕೆಳಗೆ ಬಿದ್ದ ನಿಂಬೆಹಣ್ಣನ್ನೂ ತಿಂದಿತು.

ಕೊನೆಗೆ ಕಂಪ್ಲಿಯಿಂದ ದನದ ಡಾಕ್ಟರ್ ಮನೋಹರ್ ಬೈಕಿನಲ್ಲಿ ಬಂದರು. ಸ್ಕೂಲ್ ಬಿಟ್ಟ ಹೊತ್ತು. ಅರ್ಧ ಊರೇ ಅಲ್ಲಿ ಸೇರಿತ್ತು. ಗಂಗಾಂಬಿಕಾಳೂ ಹಿಂದೆ ನಿಂತು ನೋಡುತ್ತಿದ್ದಳು.

ಡಾಕ್ಟರ್ ಕೆಂಚಿಯ ಹಲ್ಲು, ಕಣ್ಣು, ಕೆಚ್ಚಲು ಎಲ್ಲ ನೋಡಿದರು. ರೋಗ ಏನೂ ಇಲ್ಲ, ಏನು ಹಾಕ್ತೀರಿ ಅಂತ ಕೇಳಿದರು. ಹುಲ್ಲು, ಹಿಂಡಿ, ಬೂಸಾ ಬಿಟ್ಟರೆ ಬೇರೇನೂ ಹಾಕೋದಿಲ್ಲ ಅಂದಳು ವಿರುಪಮ್ಮ.

ಅಷ್ಟರಲ್ಲಿ ಕೆಂಚಿ ತಲೆ ಎತ್ತಿತು. ಗೂಟ ಕಿತ್ತುಕೊಂಡು, ಡಾಕ್ಟರನ್ನು ಪಕ್ಕಕ್ಕೆ ತಳ್ಳಿ, ಜನರ ನಡುವೆ ನಿಧಾನಕ್ಕೆ ನಡೆದು ಬಂತು. ಗಂಗಾಂಬಿಕಾಳ ಬ್ಯಾಗಿಗೆ ಮೂತಿ ಒತ್ತಿ ನಿಂತಿತು.

ಎಮ್ಮೆಗೂ ಓದುವ ಆಸೆ ಬಂದಿದೆ ಅಂತ ಹುಲಿಗೇಶ ಹೇಳಿದ. ಎಲ್ಲರೂ ನಕ್ಕರು. ಯಾರಿಗೂ ಏನೂ ಗೊತ್ತಾಗಲಿಲ್ಲ. ಗಂಗಾಂಬಿಕಾ ಸುಮ್ಮನಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಆದರೆ ವಿರುಪಮ್ಮ ನಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, "ಬರೋ ವಾರ ಸಂತಿಗೆ ಹೊಡ್ಕೊಂಡು ಹೋಗಿ ಮಾರಿಬಿಡ್ತೀನ್ರಿ. ಕರುವಿದ್ದಾಗಿಂದ ಸಾಕೀನಿ. ಏನು ಮಾಡ್ಲಿ?" ಅಂದಳು.

ಗಂಗಾಂಬಿಕಾ ಬ್ಯಾಗನ್ನು ಹೆಗಲಿನಿಂದ ಇಳಿಸಿದಳು. ಅವಳು ಬ್ಯಾಗಿನ ಜಿಪ್ ಎಳೆದಳು. ಗಣಿತದ ಪುಸ್ತಕದ ಪಕ್ಕದಲ್ಲಿ ಏಳು ಮೂಲಂಗಿಗಳಿದ್ದವು.

"ನಾನೇ ಹಾಕ್ತಿದ್ದೆ," ಅಂದಳು. "ದಿನಾ."

ಡಾಕ್ಟರ್ ಒಂದು ಮೂಲಂಗಿ ಎತ್ತಿಕೊಂಡು ಮೂಸಿದರು. ಹಾಲು ಕರೆಯುವ ಮುಂಚೆ ಇದನ್ನು ತಿಂದರೆ ವಾಸನೆ ಹಾಲಿಗೆ ಇಳಿಯುತ್ತದೆ, ಕರೆದಮೇಲೆ ಸ್ವಲ್ಪ ಸ್ವಲ್ಪ ಹಾಕಿ, ಬೆಳಗಿನೊಳಗೆ ವಾಸನೆ ಹೋಗಿರುತ್ತದೆ ಅಂದರು. ಮೂಲಂಗಿಯನ್ನು ಕೆಂಚಿಯ ಬಾಯಿಗೆ ಕೊಡಲಿಲ್ಲ. ಕೆಂಚಿಗೆ ಅದು ಸರಿಬರಲಿಲ್ಲ. ಡಾಕ್ಟರ್ ಬೈಕಿನ ಸೀಟಿನ ಕವರನ್ನೇ ಕಚ್ಚಿ ಎಳೆಯಿತು.

ವಿರುಪಮ್ಮ ಬಯ್ಯುತ್ತಾಳೆ ಅಂತ ಗಂಗಾಂಬಿಕಾ ತಲೆ ತಗ್ಗಿಸಿದ್ದಳು. ವಿರುಪಮ್ಮ ಅವಳನ್ನೂ ಬ್ಯಾಗನ್ನೂ ಒಂದು ಸಲ ನೋಡಿದಳು. "ನಿಮ್ಮಪ್ಪಗ ಗೊತ್ತೈತೇನವ್ವ?" ಅಂದಳು. ಅಷ್ಟೇ.

ಗೊತ್ತಿರಲಿಲ್ಲ. ಮನೆಗೆ ಹೋಗಿ ಗಂಗಾಂಬಿಕಾ ತಾನೇ ಹೇಳಿದಳು. ಮೂರು ಬಾಗಿಲು, ನೆಗಡಿ, ತುಳಸಿ ಗಿಡ, ಎಲ್ಲವನ್ನೂ.

ಅಪ್ಪ ಸ್ಟೂಲಿನ ಮೇಲೆ ಕೂತು ಪಾತಿಯ ಮಣ್ಣು ಕೆದಕಿದ. "ಯಾರಿಗೂ ಬ್ಯಾಡಾಗಿತ್ತೇನು?"

"ಕೆಂಚಿಗೆ ಬೇಕಾಗಿತ್ತಪ್ಪ."

ಅಪ್ಪ ಅಡಿಗೆಮನೆಯ ಕಡೆ ಒಮ್ಮೆ ನೋಡಿ, ದನಿ ಇಳಿಸಿದ. "ನನಗೂ ಸಾಕಾಗಿತ್ತವ್ವ. ಅದನ್ನ ಕಂಡ್ರ ಹೊಟ್ಟಿ ತೊಳಸ್ತಿತ್ತು. ನೀನು ಅಷ್ಟು ಖುಷಿಯಿಂದ ಬಂದು ಹೇಳ್ತಿದ್ದೆಲ್ಲ, ಅದಕ್ಕ ಮತ್ತ ಮತ್ತ ಹಾಕಿದೆ."

ಒಳಗಿಂದ ಅವ್ವ ನಗುವುದು ಕೇಳಿಸಿತು. ಅವಳ ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಮರುದಿನ ಸಂಜೆ ಹಾಲು ಕರೆದಾದ ಮೇಲೆ, ವಿರುಪಮ್ಮ ಕೆಂಚಿಯನ್ನು ಅವರ ಹಿತ್ತಲಿಗೇ ಹೊಡೆದುಕೊಂಡು ಬಂದಳು. ಅಪ್ಪ ಸ್ಟೂಲನ್ನು ಪಾತಿಯ ಹತ್ತಿರ ಹಾಕಿಸಿಕೊಂಡ. ಒಂದು ಮೂಲಂಗಿಯನ್ನು ಚಾಚಿದ. ಕೆಂಚಿ ಮೂಲಂಗಿ ತಿಂದು, ಅಪ್ಪನ ಕೈ ನೆಕ್ಕಿ, ಅಂಗಿಯ ತೋಳನ್ನೂ ಅಗಿಯಲು ನೋಡಿತು.

ಅಪ್ಪ ನಕ್ಕುಬಿಟ್ಟ. ಹೊಟ್ಟೆ ಕುಣಿಯುವಂತೆ, ಕಣ್ಣಲ್ಲಿ ನೀರು ಬರುವಂತೆ ನಕ್ಕ.

ಗಂಗಾಂಬಿಕಾ ಅವನನ್ನೇ ನೋಡಿದಳು. ಇಷ್ಟು ದಿನ ಸಂಜೆ ಅವಳ ಮಾತು ಕೇಳಿ ಅವನು ನಗುತ್ತಿದ್ದದ್ದು ಹೀಗಲ್ಲ. ಅವಳು ಬಗ್ಗಿ, ಇನ್ನೊಂದು ಮೂಲಂಗಿ ಕಿತ್ತು, ಅಪ್ಪನ ಕೈಗಿಟ್ಟಳು.