ಅಟ್ಟದಿಂದ ಇಳಿದ ಇಸ್ತ್ರಿಪೆಟ್ಟಿಗೆ

“ಅಪ್ಪಾ, ಸ್ವಿಚ್ ಹಾಕ್ಬೇಡ! ಹಾಕಿದ್ರೆ ನನ್ನ ಮೇಲಾಣೆ!”

ಅಪ್ಪನ ಬೆರಳು ಸ್ವಿಚ್ಚಿನ ಹತ್ತಿರ ಹೋಗಿ ಅಲ್ಲೇ ನಿಂತಿತು. ಮೇಜಿನ ಮೇಲೆ ಯಾರದೋ ಶರಟು ಎರಡೂ ತೋಳು ಚಾಚಿ ಮಲಗಿತ್ತು. ಮಗಳು ಸ್ಟೂಲಿನ ಮೇಲೆ ನಿಂತು, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಗೋಡೆಯ ಕರೆಂಟ್ ಮೀಟರಿಗೆ ಮೂಗು ತಾಗಿಸಿದ್ದಳು.

“ಸ್ವಿಚ್ ಹಾಕದೆ ಇಸ್ತ್ರಿ ಮಾಡೋದು ಹೇಗಮ್ಮ? ಬಟ್ಟೆ ಮೇಲೆ ನಾನೇ ಮಲಗಿ ಹೊರಳಾಡ್ಲಾ?” ಎಂದ ಅಪ್ಪ.

ಇಡೀ ಬೀದಿ ಅವಳನ್ನು ಗುಂಡುಸೂಜಿ ಎಂದೇ ಕರೆಯುತ್ತಿತ್ತು. ಮೈ ಸಪೂರ, ತಲೆ ಗುಂಡಗೆ, ಮಾತು ಚುಚ್ಚುವಂಥದ್ದು. ಐದನೇ ಕ್ಲಾಸು. ಮನೆಯ ಮುಂದಿನ ಕೋಣೆಯೇ ಅಪ್ಪನ ಇಸ್ತ್ರಿ ಅಂಗಡಿ. ಮನೆಗೂ ಅಂಗಡಿಗೂ ಒಂದೇ ಮೀಟರು. ಈಗ ತೊಂದರೆ ಶುರುವಾಗಿದ್ದು ಆ ಮೀಟರಿನಿಂದಲೇ.

ಎರಡು ದಿನದ ಹಿಂದೆ ಶಾಲೆಯಲ್ಲಿ ಹೆಡ್ಮಾಸ್ಟರು ‘ಇಂಗಾಲ ಇಳಿಸೋಣ’ ಸ್ಪರ್ಧೆ ಘೋಷಿಸಿದ್ದರು.

“ಇಂಗಾಲ ಅಂದ್ರೆ ಕಾರ್ಬನ್ ಮಕ್ಕಳೇ. ಕರೆಂಟ್ ಮಾಡೋಕೆ ಎಲ್ಲೋ ಕಲ್ಲಿದ್ದಲು ಸುಡ್ತಾರೆ. ಹೊಗೆ ಬರುತ್ತೆ, ಭೂಮಿ ಬಿಸಿಯಾಗುತ್ತೆ. ನೀವು ಕರೆಂಟ್ ಉಳಿಸಿದ್ರೆ ಹೊಗೆ ಇಳಿಯುತ್ತೆ. ಅರ್ಥ ಆಯ್ತಾ?”

ಅರ್ಥವಾಗಿತ್ತು. ಹೆಡ್ಮಾಸ್ಟರು ಹೇಳಿದ್ದೆಲ್ಲ ನಿಜವೇ ಆಗಿತ್ತು. ಆಮೇಲೆ ಅವರು ಒಬ್ಬೊಬ್ಬರಿಗೂ ನಾಲ್ಕು ನಾಲ್ಕು ಫಾರಂ ಕೊಟ್ಟರು. ದಪ್ಪ ಕಾಗದ, ಮಿರಮಿರ ಮಿಂಚುವ ಹಸಿರು ಅಂಚು. ಗೇಟಿಗೆ ಹಸಿರು ಪ್ಲಾಸ್ಟಿಕ್ ಬ್ಯಾನರ್ ಬಂತು, ಎಲ್ಲರ ಅಂಗಿಗೆ ಹಸಿರು ಪ್ಲಾಸ್ಟಿಕ್ ಬ್ಯಾಡ್ಜ್ ಬಂತು. ಹಸಿರು ಬಣ್ಣ ಬಳಿದ ಮೇಲೆ ಎಲ್ಲವೂ ಹಸಿರೇ ಎಂಬುದು ಹೆಡ್ಮಾಸ್ಟರ ಗಟ್ಟಿ ನಂಬಿಕೆ.

ಫಾರಂನಲ್ಲಿ ಮೂರೇ ಕಾಲಂ. ಹೋದ ತಿಂಗಳ ಯೂನಿಟ್. ಈ ತಿಂಗಳ ಯೂನಿಟ್. ನೂರಕ್ಕೆ ಎಷ್ಟು ಇಳಿಯಿತು. ಮೊದಲ ತಿಂಗಳು ಚೆನ್ನಾಗಿ ಇಳಿಸಿದವರಿಗೆ ವೇದಿಕೆ ಮೇಲೆ ಸರ್ಟಿಫಿಕೇಟ್. ಎರಡು ತಿಂಗಳೂ ಮೊದಲು ಬಂದವರಿಗೆ ಮಾತ್ರ ಬೆಟ್ಟದ ಮೇಲಿನ ಗಾಳಿಯಂತ್ರಕ್ಕೆ ಟ್ರಿಪ್.

ಗಾಳಿಯಂತ್ರ! ಶಾಲೆಯ ತಾರಸಿಯಿಂದ ನೋಡಿದರೆ ದೂರದ ಬೆಟ್ಟದ ಮೇಲೆ ಮೂರು ಕಾಣುತ್ತಿದ್ದವು. ಬೆಳ್ಳಗೆ, ಎತ್ತರಕ್ಕೆ, ಯಾವ ಅವಸರವೂ ಇಲ್ಲದೆ ರೆಕ್ಕೆ ತಿರುಗಿಸುತ್ತಾ. ಆ ಕಂಬದೊಳಗೆ ಏಣಿ ಇದೆಯಂತೆ, ಗೆದ್ದವರು ಅದನ್ನು ಹತ್ತಬಹುದಂತೆ. ಗಣಿತದ ಪಿರಿಯಡ್ಡಿನಲ್ಲಿ ಕಿಟಕಿಯಾಚೆ ಅದರ ಸುತ್ತು ಎಣಿಸಿ ಗುಂಡುಸೂಜಿ ಎಷ್ಟು ಸಲ ಬೈಸಿಕೊಂಡಿದ್ದಳೋ ಅವಳಿಗೇ ಲೆಕ್ಕವಿಲ್ಲ. ಆ ಏಣಿ ತನಗೆ ಬೇಕೇ ಬೇಕು ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು.

ಆದರೆ ಅವಳ ಮನೆಯಲ್ಲಿ ಇಳಿಸಲು ಏನಿತ್ತು? ಒಂದು ಟ್ಯೂಬ್‌ಲೈಟು, ಒಂದು ಫ್ಯಾನು. ಡಾಕ್ಟರ ಮಗ ಅವಳ ಪಕ್ಕದ ಬೆಂಚಿನವನು. ಅವರ ಮನೆಯಲ್ಲಿ ನಾಲ್ಕು ಏಸಿ. ಎರಡು ಆರಿಸಿದರೆ ಸಾಕು, ಅವನು ಬೆಟ್ಟದ ತುದಿಯಲ್ಲಿರುತ್ತಿದ್ದ. ಇವಳು ಎರಡು ದಿನ ಫ್ಯಾನ್ ಆರಿಸಿ, ಬೆವರಲ್ಲಿ ನೆಂದು, ಅಮ್ಮನ ಕೈಲಿ ಚೆನ್ನಾಗಿ ಉಗಿಸಿಕೊಂಡದ್ದಷ್ಟೇ ಲಾಭ.

ಇಳಿಸಬೇಕಾದರೆ ಇಳಿಯಬೇಕಾದದ್ದು ಒಂದೇ, ಅಪ್ಪನ ಇಸ್ತ್ರಿಪೆಟ್ಟಿಗೆ.

“ಅಪ್ಪಾ,” ಎಂದಳು ಸ್ಟೂಲಿನ ಮೇಲಿಂದ, ಸ್ವರ ಮೆತ್ತಗೆ ಮಾಡಿಕೊಂಡು. “ಅಟ್ಟದ ಮೇಲೆ ಹಳೇದು ಒಂದಿದೆಯಲ್ಲಾ?”

ಅಪ್ಪ ಮೇಲೆ ನೋಡಿದ. ಅಟ್ಟದ ಮೂಲೆಯಲ್ಲಿ ಇದ್ದಿಲು ತುಂಬಿಸಿ ಇಸ್ತ್ರಿ ಮಾಡುವ ಕಬ್ಬಿಣದ ಪೆಟ್ಟಿಗೆ ಧೂಳು ಹೊದ್ದು ಕೂತಿತ್ತು. ಮೂರು ವರ್ಷದ ಹಿಂದೆ ಅಪ್ಪನಿಗೆ ಬಿಡದ ಕೆಮ್ಮು. “ಇದ್ದಿಲು ಬೇಕೋ ಉಸಿರು ಬೇಕೋ, ಒಂದು ಹೇಳಿ,” ಎಂದು ಡಾಕ್ಟರು ಕೇಳಿದ್ದರು. ಆ ಪೆಟ್ಟಿಗೆ ಅಟ್ಟ ಸೇರಿದ್ದು ಆಗಲೇ. ಇದೆಲ್ಲ ಗುಂಡುಸೂಜಿಗೆ ಗೊತ್ತಿತ್ತು. ಗೊತ್ತಿದ್ದೇ ಕೇಳಿದಳು.

“ಎರಡೇ ತಿಂಗಳಪ್ಪ. ಪ್ಲೀಸ್. ಏಣಿ ಹತ್ತಬಹುದಂತೆ.”

ಅಪ್ಪ ಅವಳ ಮುಖ ನೋಡಿದ. ಅಟ್ಟ ನೋಡಿದ. ಪ್ಲಗ್ ಕಿತ್ತು ಪಕ್ಕಕ್ಕಿಟ್ಟ.

“ಆಯ್ತು ಬಿಡು. ಎರಡು ತಿಂಗಳು ಕಣ್ಣುಮುಚ್ಚಿ ಬಿಡೋದ್ರಲ್ಲಿ ಹೋಗುತ್ತೆ.”

ಅಮ್ಮ ಒಳಗಿನಿಂದ ಕೈ ಒರೆಸಿಕೊಂಡು ಬಂದಳು. “ಹೊಗೆ ಇಳಿಸೋಕೆ ಹೊಗೆ ಪೆಟ್ಟಿಗೆ ಇಳಿಸ್ತಾ ಇದ್ದೀರಾ? ಅಪ್ಪಂಗೂ ಮಗಳಿಗೂ ಒಂದೇ ಸಲ ತಲೆ ಕೆಡೋದು ಅಂದ್ರೆ ಇದೇ ನೋಡು!”

“ಅಮ್ಮಾ, ಫಾರಂನಲ್ಲಿ ಇದ್ದಿಲು ಅಂತ ಕಾಲಮ್ಮೇ ಇಲ್ಲ.”

“ಕಾಲಂ ಇಲ್ದಿದ್ರೆ ಹೊಗೇನೂ ಇರಲ್ವಾ?”

ಗುಂಡುಸೂಜಿ ಆಗಲೇ ಮೀಟರಿನತ್ತ ತಿರುಗಿದ್ದಳು. ಮೀಟರಿನ ಪುಟ್ಟ ಕೆಂಪು ದೀಪ ಇನ್ನು ಮೇಲೆ ತೂಕಡಿಸುತ್ತಾ ಮಿನುಗುವುದನ್ನು ನೆನೆದು ಒಳಗೊಳಗೇ ಕುಣಿದಳು.

ಇದ್ದಿಲ ಮೂಟೆ ಬಂತು. ಒಂದು ವಾರದಲ್ಲಿ ಅಂಗಡಿಯ ಗೋಡೆ ಬೂದಿ ಬಣ್ಣಕ್ಕೆ ತಿರುಗಿತು. ಅಪ್ಪ ಕೆಂಡ ಊದಿ, ಕಣ್ಣು ಕೆಂಪಗೆ ಮಾಡಿಕೊಂಡು, ಭಾರದ ಪೆಟ್ಟಿಗೆ ಎಳೆದಾಡುತ್ತಿದ್ದ. ಮೊದಮೊದಲು ಗಂಟಲು ಸರಿಮಾಡಿಕೊಂಡಂತೆ ಒಂದು ಸಣ್ಣ ಸದ್ದು. ಆಮೇಲೆ ಎರಡು. ಎರಡನೇ ಮೂಟೆ ಬರುವ ಹೊತ್ತಿಗೆ, ಒಂದು ಪ್ಯಾಂಟು ಮುಗಿಯುವುದರೊಳಗೆ ಮೂರು ಸಲ ಪೆಟ್ಟಿಗೆ ಕೆಳಗಿಟ್ಟು ಎದೆ ಹಿಡಿದುಕೊಳ್ಳುತ್ತಿದ್ದ.

ಆಗೆಲ್ಲ ಗುಂಡುಸೂಜಿ ಪಾಠವನ್ನು ಜೋರಾಗಿ ಓದುತ್ತಿದ್ದಳು. ಜೋರಾಗಿ ಓದಿದರೆ ಬೇರೇನೂ ಕೇಳಿಸುವುದಿಲ್ಲ.

ತಿಂಗಳ ಕೊನೆಗೆ ಮೀಟರ್ ನೋಡುವ ಅಣ್ಣ ಬಂದ. ನೋಡಿದ, ಕಣ್ಣುಜ್ಜಿ ಇನ್ನೊಮ್ಮೆ ನೋಡಿದ.

“ನೂರಹತ್ತು ಯೂನಿಟ್ ಬರ್ತಿದ್ದ ಮನೇಲಿ ಇಪ್ಪತ್ತನಾಲ್ಕು? ಅಂಗಡಿ ಏನಾದ್ರೂ ಮುಚ್ಚಿಬಿಟ್ರಾ?” ಮೂಗು ಅರಳಿಸಿ ವಾಸನೆ ಹಿಡಿದ. “ಓಹೋ, ಇದ್ದಿಲು! ಅಲ್ಲ ಗುಂಡುಸೂಜಿ, ಬೆಟ್ಟದ ಮೇಲೆ ರೆಕ್ಕೆ ತಿರುಗುತ್ತಲ್ಲ, ಅದರ ಕರೆಂಟೂ ಇದೇ ತಂತೀಲಿ ಸೇರ್ಕೊಂಡು ಬರುತ್ತೆ ಗೊತ್ತಾ? ಇವತ್ತು ಸ್ವಲ್ಪ, ನಾಳೆ ಇನ್ನೂ ಜಾಸ್ತಿ. ಗಾಳಿ ಮನೆ ಬಾಗಿಲಿಗೆ ಬಂದ್ರೆ ನೀವು ಬೇಡ ಅಂತ ಕೆಂಡ ಊದ್ತಾ ಕೂತಿದ್ದೀರಲ್ಲ, ಭಲೇ!”

“ಅಣ್ಣಾ, ಇಪ್ಪತ್ತನಾಲ್ಕು ಅಂತ ದುಂಡಗೆ ಬರೆದುಕೊಡಿ,” ಎಂದಳು ಅವಳು.

ಸಮಾರಂಭದ ದಿನ ಬೆಳಿಗ್ಗೆ ಹೆಡ್ಮಾಸ್ಟರ ಬಿಳಿ ಶರಟು ಅಂಗಡಿಗೆ ಬಂತು. ಕೂಡಲೇ ಬೇಕಂತೆ, ಒಂದು ಸುಕ್ಕೂ ಇರಬಾರದಂತೆ. ಅಪ್ಪ ಉಸಿರು ಬಿಗಿಹಿಡಿದು ಕಾಲರ್ ಮುಗಿಸಿದ, ತೋಳು ಮುಗಿಸಿದ. ಜೇಬಿನ ಹತ್ತಿರ ಬಂದಾಗ ಕೆಮ್ಮು ಒತ್ತರಿಸಿಕೊಂಡು ಬಂತು. ಪೆಟ್ಟಿಗೆ ಅಲುಗಿತು. ಒಂದು ಕಿಡಿ ಹಾರಿ ಜೇಬಿನ ಮೇಲೆ ಕೂತು, ಉಗುರಿನಷ್ಟಗಲ ಕಪ್ಪು ಗುರುತು ಮಾಡಿ ಆರಿಹೋಯಿತು.

ಅಪ್ಪನ ಮುಖ ಬಾಡಿತು. ಇಷ್ಟು ವರ್ಷದಲ್ಲಿ ಅವನು ಯಾರ ಬಟ್ಟೆಯನ್ನೂ ಸುಟ್ಟವನಲ್ಲ.

“ನಾನೇ ತಗೊಂಡು ಹೋಗಿ ತಪ್ಪಾಯ್ತು ಅಂತೀನಿ,” ಎಂದ.

“ನೀನು ಬೇಡಪ್ಪ. ನಾನು ಹೋಗ್ತೀನಿ,” ಎಂದು ಗುಂಡುಸೂಜಿ ಶರಟು ಎತ್ತಿಕೊಂಡು ಶಾಲೆಗೆ ಓಡಿದಳು.

ಹೆಡ್ಮಾಸ್ಟರು ಒಂದು ಕಿವಿಗೆ ಫೋನ್ ಒತ್ತಿಕೊಂಡೇ ಶರಟು ತೊಟ್ಟರು. ಕನ್ನಡಿ ನೋಡಿದರು. ಅವರ ಮೂಗಿನ ತುದಿ ಕೆಂಪಾಯಿತು.

“ಏನಿದು ಕರೀ ಮಚ್ಚೆ? ಅತಿಥಿಗಳು ಗೇಟಿನ ಹತ್ತಿರ ಬಂದಿದ್ದಾರೆ! ನಿಮ್ಮಪ್ಪಂಗೆ ಕಣ್ಣು ಕಾಣಲ್ವಾ?”

ಅವಳು ಸುತ್ತ ನೋಡಿದಳು. ಮೇಜಿನ ಮೇಲೆ ಹಸಿರು ಬ್ಯಾಡ್ಜಿತ್ತು. “ಸರ್, ಇದನ್ನ ಜೇಬಿನ ಮೇಲೆ ಹಾಕಿದ್ರೆ ಗೊತ್ತೇ ಆಗಲ್ಲ,” ಎನ್ನುತ್ತಾ ಎಟಕಿಸಿ ತಾನೇ ಪಿನ್ ಚುಚ್ಚಿದಳು. ಕಪ್ಪು ಗುರುತು ಪೂರ್ತಿ ಮುಚ್ಚಿಹೋಯಿತು. ಅದರ ಮೇಲೆ ಈಗ ‘ಇಂಗಾಲ ಇಳಿಸೋಣ’ ಎಂದು ಬರೆದಿತ್ತು.

“ಜಾಣೆ!” ಎಂದರು ಹೆಡ್ಮಾಸ್ಟರು, ಮೂಗು ಮೊದಲಿನ ಬಣ್ಣಕ್ಕೆ ಬಂದಿತ್ತು.

ಅತಿಥಿ ಯಾವುದೋ ದೊಡ್ಡ ಆಫೀಸಿನ ದೊಡ್ಡವರು. ಅವರು ವೇದಿಕೆಯ ಮೇಲೆ ಮುಕ್ಕಾಲು ಗಂಟೆ ಹೊಗೆಯ ಅಪಾಯ ವಿವರಿಸಿದರು. ಅಷ್ಟು ಹೊತ್ತೂ ಗೇಟಿನ ಬಳಿ ಅವರ ಕಾರು ಇಂಜಿನ್ ಆರಿಸದೆ ಗುರ್ರೆನ್ನುತ್ತಿತ್ತು. ಸಾಹೇಬರು ಬರುವಾಗ ಸೀಟು ತಂಪಾಗಿರಲಿ ಎಂದು ಡ್ರೈವರು ಒಳಗೆ ಏಸಿ ಹಾಕಿಕೊಂಡು ಕೂತಿದ್ದ.

ಎರಡನೇ ಸ್ಥಾನಕ್ಕೆ ಡಾಕ್ಟರ ಮಗನ ಹೆಸರು ಬಂತು.

“ಹೇಗೆ ಇಳಿಸಿದೆ ಮರಿ?” ಎಂದು ಅತಿಥಿ ಮೈಕ್ ಹಿಡಿದರು.

“ನಾವು ಇಪ್ಪತ್ತು ದಿನ ಮನೇಲೇ ಇರ್ಲಿಲ್ಲ ಸರ್. ಫ್ಲೈಟಲ್ಲಿ ಟೂರ್ ಹೋಗಿದ್ವಿ. ಹೋಗ್ತಾ ಎರಡು ಫ್ಲೈಟು, ಬರ್ತಾ ಎರಡು.”

“ಭೇಷ್! ಮನೆಯಲ್ಲಿ ಒಂದು ದೀಪವೂ ಉರಿಯಲಿಲ್ಲ! ಇದಪ್ಪಾ ಶಿಸ್ತು ಅಂದ್ರೆ!”

ಚಪ್ಪಾಳೆ ಬಿತ್ತು. ಹುಡುಗ ತಲೆ ಕೆರೆದುಕೊಂಡ. ಮೊದಲ ಸ್ಥಾನಕ್ಕೆ ಗುಂಡುಸೂಜಿ ಮೆಟ್ಟಿಲು ಹತ್ತಿದಳು. ಸರ್ಟಿಫಿಕೇಟ್ ಹಿಡಿದ ಹೆಡ್ಮಾಸ್ಟರ ಜೇಬು ಸರಿಯಾಗಿ ಅವಳ ಕಣ್ಣೆದುರಿಗಿತ್ತು. ಬ್ಯಾಡ್ಜ್ ಒಂದಿಷ್ಟು ವಾಲಿತ್ತು. ಅಂಚಿನಲ್ಲಿ ಕಪ್ಪು ಇಣುಕುತ್ತಿತ್ತು.

“ನೀನು ಹೇಗೆ ಇಳಿಸಿದೆ ಪುಟ್ಟಿ?”

ಅವಳು ಜನರ ಹಿಂದೆ, ಗೇಟಿನತ್ತ ನೋಡಿದಳು. ಇಸ್ತ್ರಿಯಾದ ಬಟ್ಟೆಯ ಗಂಟು ಹೆಗಲಿಗೇರಿಸಿಕೊಂಡು ಅಪ್ಪ ನಿಂತಿದ್ದ. ಮಗಳನ್ನು ನೋಡಿ ಹಲ್ಲುಬಿಟ್ಟು ನಗುತ್ತಿದ್ದ. ನಗುತ್ತಲೇ ಬಗ್ಗಿ ಕೆಮ್ಮಿದ.

“ನಾನು ಇಳಿಸ್ಲಿಲ್ಲ ಸರ್,” ಎಂದಳು. “ಇಳಿಸಿದ್ದು ಅಪ್ಪ. ಅಟ್ಟದಿಂದ. ಇದ್ದಿಲ ಇಸ್ತ್ರಿಪೆಟ್ಟಿಗೇನ.”

ಇನ್ನೇನು ಬೈಗುಳ ಬೀಳುತ್ತದೆ ಎಂದು ಅವಳು ಕಣ್ಣು ಮುಚ್ಚಿದಳು.

“ಅದ್ಭುತ!” ಎಂದರು ಅತಿಥಿ. “ಕೇಳಿದ್ರಾ? ನಮ್ಮ ಹಿರಿಯರ ವಿಧಾನ! ಕರೆಂಟೇ ಬೇಡ! ಈ ಕುಟುಂಬ ಪ್ರಕೃತಿಗೆ ವಾಪಸ್ ಹೋಗಿದೆ!”

“ಇಲ್ಲ ಸರ್, ಅದರಲ್ಲಿ ಹೊಗೆ…”

ಮೈಕ್ ಆಗಲೇ ಅವಳ ಬಾಯಿಂದ ದೂರ ಹೋಗಿತ್ತು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೆಡ್ಮಾಸ್ಟರು ಎಲ್ಲರಿಗಿಂತ ಜೋರಾಗಿ ತಟ್ಟಿದರು. ಆ ಗದ್ದಲದಲ್ಲೂ ಗೇಟಿನ ಹತ್ತಿರದ ಕೆಮ್ಮು ಅವಳಿಗೆ ಒಂದೊಂದಾಗಿ, ಬಿಡಿಬಿಡಿಯಾಗಿ ಕೇಳಿಸಿತು. ಅವಳಿಗೆ ನಾಚಿಕೆಯಾಯಿತು, ಅಳು ಬಂತು. ಖುಷಿಗೆ ಅಳುತ್ತಿದ್ದಾಳೆ ಎಂದುಕೊಂಡು ಅತಿಥಿ ಬೆನ್ನು ತಟ್ಟಿದರು.

ಮನೆಗೆ ಬಂದ ಅಪ್ಪ ಮೊದಲು ಮಾಡಿದ ಕೆಲಸ ಮೊಳೆ ಹುಡುಕಿ ಸರ್ಟಿಫಿಕೇಟ್ ತೂಗುಹಾಕಿದ್ದು. ಬೂದಿ ಬಣ್ಣದ ಗೋಡೆಯ ಮೇಲೆ ಅದರ ಹಸಿರು ಅಂಚು ಎದ್ದು ಕಾಣುತ್ತಿತ್ತು.

“ಇನ್ನೊಂದೇ ತಿಂಗಳು ಮಗಳೇ, ಆಮೇಲೆ ಏಣಿ ನಿಂದೇ,” ಎನ್ನುತ್ತಾ ಅವನು ಇದ್ದಿಲ ಮೂಟೆಗೆ ಕೈಹಾಕಿದ.

ಗುಂಡುಸೂಜಿ ಕರೆಂಟ್ ಪೆಟ್ಟಿಗೆಯ ಪ್ಲಗ್ ಸಿಕ್ಕಿಸಿ, ಸ್ವಿಚ್ ಹಾಕಿದಳು.

“ಏಯ್, ಯೂನಿಟ್ ಏರಿಬಿಡುತ್ತೆ ಕಣೇ!”

“ಏರ್ಲಿ ಬಿಡಪ್ಪ.”

“ಮತ್ತೆ ಬೆಟ್ಟ? ಏಣಿ?”

ಅವಳು ಇದ್ದಿಲ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಲು ನೋಡಿದಳು. ಅದು ಜಗ್ಗಲಿಲ್ಲ. ಇಷ್ಟು ಭಾರ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಅಮ್ಮ ಬಂದು ಒಂದು ಕಡೆ ಹಿಡಿದಳು. ಈ ಸಲ ಅಮ್ಮ ಬಾಯಿ ಬಿಡಲಿಲ್ಲ, ಅದೇ ದೊಡ್ಡ ಆಶ್ಚರ್ಯ. ಇಬ್ಬರೂ ಸೇರಿ ಪೆಟ್ಟಿಗೆಯನ್ನು ಅಟ್ಟಕ್ಕೆ ಏರಿಸಿದರು.

ಮೀಟರಿನ ಕೆಂಪು ದೀಪ ಪಟಪಟ ಮಿನುಗತೊಡಗಿತು. ಬಾಗಿಲಾಚೆ, ಎರಡು ಮನೆಗಳ ಸೂರಿನ ನಡುವೆ, ಬೆಟ್ಟದ ಒಂದು ರೆಕ್ಕೆಯ ತುದಿ ಮೇಲೆದ್ದು ಮರೆಯಾಯಿತು. ಮತ್ತೆ ಮೇಲೆದ್ದಿತು. ಗುಂಡುಸೂಜಿ ರೆಕ್ಕೆ ನೋಡಿದಳು, ದೀಪ ನೋಡಿದಳು, ಅಪ್ಪನ ಕೈಯಲ್ಲಿ ಬಿಸಿಯಾಗುತ್ತಿದ್ದ ಕರೆಂಟ್ ಪೆಟ್ಟಿಗೆ ನೋಡಿದಳು. ಮೀಟರಿನ ಅಣ್ಣ ಹೇಳಿದ ತಂತಿ ಸೂರಿನ ಮೇಲಿಂದ ಒಳಗೆ ಬಂದಿತ್ತು.

ಅವಳು ಎರಡನೇ ತಿಂಗಳ ಫಾರಂ ತೆಗೆದು, ಸ್ಕೇಲ್ ಇಟ್ಟು, ಮೂರು ಕಾಲಮ್ಮಿನ ಪಕ್ಕ ಇನ್ನೊಂದು ಗೆರೆ ಎಳೆದಳು. ಮೇಲೆ ‘ಇದ್ದಿಲು’ ಎಂದು ಬರೆದಳು. ಕೆಳಗೆ, ‘ಹೋದ ತಿಂಗಳು ಎರಡು ಮೂಟೆ, ಇವತ್ತಿನಿಂದ ಇಲ್ಲ’. ಒಂದಿಷ್ಟು ಯೋಚಿಸಿ ಇನ್ನೂ ಒಂದು ಗೆರೆ ಎಳೆದಳು. ಅದರ ಮೇಲೆ ಬರೆದದ್ದು, ‘ಅಪ್ಪನ ಕೆಮ್ಮು’.

ಅದರ ಕೆಳಗೆ ಏನು ಬರೆಯುವುದು? ಹೋದ ತಿಂಗಳದ್ದು ಅವಳು ಎಣಿಸಿರಲಿಲ್ಲ. ಪುಸ್ತಕ ಮುಚ್ಚಿಟ್ಟು, ಪೆನ್ಸಿಲ್ ಹಿಡಿದು, ಕಿವಿಗೊಟ್ಟು ಕೂತಳು.

ಅಪ್ಪ ಒಂದು ಶರಟು ಮುಗಿಸಿ ಕೆಮ್ಮಿದ. ಅವಳು ಒಂದು ಗೀಟು ಎಳೆದಳು. ಎರಡನೇ ಶರಟು ಕೆಮ್ಮಿಲ್ಲದೆ ಮುಗಿಯಿತು. ಮೂರನೆಯದಕ್ಕೆ ಅಪ್ಪ ನೀರು ಚಿಮುಕಿಸಿದ. ಗುಂಡುಸೂಜಿ ಪೆನ್ಸಿಲನ್ನು ಕಾಗದದ ಮೇಲೆ ಎತ್ತಿ ಹಿಡಿದು ಕಾಯುತ್ತಲೇ ಇದ್ದಳು.