ನೀಲಿ ಮೇಣದ ನಲವತ್ತೇಳು

2019ರ ಆಗಸ್ಟ್ 13, ಮಂಗಳವಾರ. ಮಧ್ಯಾಹ್ನ ಒಂದು ಇಪ್ಪತ್ತಕ್ಕೆ ಡೆಟ್ರಾಯ್ಟ್ ಪಕ್ಕದ ನಮ್ಮ ಹಾರ್ಲೋ ಪೊಲೀಸ್ ಠಾಣೆಯ ಫೋನು ಹೊಡೆದುಕೊಂಡಿತು. ಆ ಕಡೆ ಇದ್ದವನು ರಾಸ್ಕೋ ಬೆಲ್, ಹಳೆ ಕಾರು ಬಿಚ್ಚಿ ಮೊದಲಿನಂತೆ ಮಾಡುವ ಶೆಡ್ಡಿನ ಯಜಮಾನ.

"ನನ್ನ ಕಾರಿನ ಬಾಗಿಲು ಕದ್ದಿದ್ದಾರೆ."

"ಕಾರು?"

"ಕಾರು ಇಲ್ಲೇ ಇದೆ ಸ್ವಾಮಿ. ಬಾಗಿಲು ಇಲ್ಲ."

ಬೇರೆ ಯಾರಾದರೂ ಫೋನೆತ್ತಿದ್ದರೆ ನಕ್ಕು ಇಟ್ಟುಬಿಡುತ್ತಿದ್ದರೋ ಏನೋ. ಎತ್ತಿದ್ದು ಕಾನ್‌ಸ್ಟೇಬಲ್ ಕ್ಯಾಲ್ವಿನ್ ಮ್ಯಾಪ್, ಶುದ್ಧ ಕಾರು ಹುಚ್ಚ. "ಯಾವ ಬಾಗಿಲು? ಆ ಬ್ರಿಗ್ಯಾಂಡಿನ ಎಡಗಡೇದಾ?" ಎಂದು ಕುರ್ಚಿ ಬಿಟ್ಟು ಎದ್ದೇ ನಿಂತ.

ಆ ಬ್ರಿಗ್ಯಾಂಡಿನ ಸುದ್ದಿ ಗೊತ್ತಿಲ್ಲದವರು ಊರಲ್ಲಿ ಯಾರಿದ್ದರು? 1969ರ ಗಾಡಿ, ಉದ್ದ ಮೂತಿ, ರಾಕ್ಷಸ ಇಂಜಿನ್ನು, ನಮ್ಮೂರ ಫ್ಯಾಕ್ಟರಿಯಲ್ಲೇ ಹುಟ್ಟಿದ್ದು. ಮಿಕ್ಕವರೆಲ್ಲ ಹಳೆ ಬ್ರಿಗ್ಯಾಂಡನ್ನು ಮುಖ ಕಾಣುವಷ್ಟು ತಿಕ್ಕಿ ಮೆರೆಸಿದರೆ, ರಾಸ್ಕೋ ಮಾತ್ರ ಉಲ್ಟಾ ದಾರಿ ಹಿಡಿದಿದ್ದ. ಅವನಿಗೆ ಕಾರು ಬೇಕಾಗಿದ್ದು 1969ರ ಮಾರ್ಚ್ 6, ಗುರುವಾರ ಬೆಳಿಗ್ಗೆ 11.40ಕ್ಕೆ ಹೇಗಿತ್ತೋ ಹಾಗೆ. ಆ ಹೊತ್ತಿಗೆ ಅದಕ್ಕೆ ಇಂಜಿನ್ನಿಲ್ಲ, ಸೀಟಿಲ್ಲ, ಗಾಜಿಲ್ಲ, ಬಣ್ಣ ಕೂಡ ಇಲ್ಲ. ಮೈಗೆಲ್ಲ ಬೂದು ಪ್ರೈಮರ್, ಹೊಟ್ಟೆಯಡಿ ಇಟ್ಟಿಗೆ ಕೆಂಪು. ಇದ್ದ ಹೊಳಪನ್ನೆಲ್ಲ ಕೆರೆದು ಅಲ್ಲಿಗೆ ಮುಟ್ಟಿಸಲು ಅವನಿಗೆ ಎರಡು ವರ್ಷ ಹಿಡಿಯಿತು.

ಯಾಕೆ ಆ ಒಂದು ನಿಮಿಷ? ಆ ನಿಮಿಷಕ್ಕೇ ಬಾಗಿಲು ಕೂರಿಸುವ ವಿಭಾಗದವರು ಕೆಲಸ ನಿಲ್ಲಿಸಿ ಹೊರನಡೆದಿದ್ದರು. ಬೆರಳು ತಿನ್ನುತ್ತಿದ್ದ ಪ್ರೆಸ್ ಯಂತ್ರದ ಮೇಲಿನ ಜಗಳ ಅದು. ಅವರ ಹಿಂದೆ ಇಡೀ ಫ್ಯಾಕ್ಟರಿ ಎದ್ದಿತು, ಹತ್ತು ದಿನ ಕಾರು ಜೋಡಿಸುವ ಸಾಲು ಅಲುಗಲಿಲ್ಲ. ಮೊದಲು ಎದ್ದವರು ಎದುರಿಗಿದ್ದ ಕಾರಿನ ಎಡಬಾಗಿಲ ಒಳಮೈಗೆ ಮೇಣದ ಪೆನ್ಸಿಲಿನಲ್ಲಿ ಹೆಸರು ಬರೆದು ಹೋದರೆಂದು ಊರಲ್ಲಿ ಐವತ್ತು ವರ್ಷದಿಂದ ಮಾತು. ಆಮೇಲೆ ಬಾಗಿಲಿನ ಹೊರಮೈಗಷ್ಟೇ ಬಣ್ಣ ಬಿದ್ದು ಒಳಹಲಗೆ ಕೂತಿತು, ಕಾರು ಎಲ್ಲಿಗೋ ಹೋಯಿತು. ರಾಸ್ಕೋ ಓಹಾಯೋದಲ್ಲಿ ಕೋಳಿಗೂಡಾಗಿದ್ದ ಬ್ರಿಗ್ಯಾಂಡೊಂದನ್ನು ತಂದು ಹಲಗೆ ಕಿತ್ತಾಗ ಹೆಸರುಗಳು ಬರೆದಂತೆಯೇ ಇದ್ದವು.

ಅವನ್ನು ಅವನು ಯಾರಿಗೂ ತೋರಿಸಲಿಲ್ಲ. ಮೇಲೆ ಬಟ್ಟೆ ಹೊದಿಸಿಟ್ಟ. ಶನಿವಾರ 17ಕ್ಕೆ ಯೂನಿಯನ್ ಹಾಲಿನ ಅಂಗಳದಲ್ಲಿ ಊರಿಗೆ ಊರೇ ಸೇರಿದಾಗ ಬಟ್ಟೆ ಸರಿಸಿ, ಮೈಕಿನಲ್ಲಿ ಓದಿಸುವುದೆಂದು ತೀರ್ಮಾನವಾಗಿತ್ತು. ಉಳಿದಿದ್ದು ನಾಲ್ಕು ದಿನ.

1.45ಕ್ಕೆ ಡಿಟೆಕ್ಟಿವ್ ಸಾರ್ಜೆಂಟ್ ಡೋರೀನ್ ವೊಯ್ಟಾಸ್ ಮ್ಯಾಪನ ಜೊತೆ ಶೆಡ್ಡಿಗೆ ಬಂದರು. ಡೋರೀನ್‌ಗೆ ಕಾರೆಂದರೆ ಆಫೀಸಿಗೆ ಹೋಗಿಬರುವ ಸಾಮಾನು, ಅಷ್ಟೇ.

"ಯಾವಾಗ ನೋಡಿದಿರಿ?"

"ಹನ್ನೆರಡಕ್ಕೆ ಊಟಕ್ಕೆ ಹೋದೆವು. ಒಂದೂಕಾಲಿಗೆ ಬಂದರೆ ಇಲ್ಲ."

"ಬೀಗ?"

"ಪಕ್ಕದ ಬಾಗಿಲಿಗೆ ಹಾಕೋದಿಲ್ಲ. ಹಳೆ ಕೆಲಸಗಾರರು ಬಂದು ಹೋಗ್ತಿರ್ತಾರೆ. ಆ ಸ್ಕ್ರೂ ಹಂಗಲ್ಲ ಹಿಂಗೆ ಅಂತ ಬೈದು ಹೋಗ್ತಾರೆ. ಅವರಿಂದಾನೇ ಕಲ್ತಿದ್ದು ನಾನು."

"ಬೇರೇನಾದರೂ ಹೋಗಿದೆಯಾ?"

"ಇಲ್ಲ. ಪಕ್ಕದಲ್ಲೇ ಇಂಜಿನ್ ಇದೆ, ಮುಟ್ಟಿಲ್ಲ. ಮೇಡಂ, ಆ ಬಾಗಿಲಿಲ್ಲದಿದ್ರೆ ಇದು ಬರೀ ತಗಡು."

ಮಹಜರು ಶುರುವಾಯಿತು. ಕೀಲಿನಿಂದ ಬಿಚ್ಚಿದ ಆರು ಬೋಲ್ಟುಗಳು ಕಾರಿನ ನೆಲದ ಮೇಲೆ ಎರಡು ಸಾಲಾಗಿ, ತಲೆ ಕೆಳಗಾಗಿ, ಒಂದೊಂದೂ ತನ್ನ ವಾಷರನ್ನು ಕೊರಳಿಗೆ ಹಾಕಿಕೊಂಡೇ ನಿಂತಿದ್ದವು. ತಳ್ಳುಗಾಡಿಯ ಚಕ್ರದ ಗುರುತು ಪಕ್ಕದ ಬಾಗಿಲವರೆಗೆ ಹೋಗಿತ್ತು. ತಗಡಿನ ಮೇಲೆ ಒಂದು ಗೀರಿಲ್ಲ.

"ಕಳ್ಳ ಅಲ್ಲ ಮೇಡಂ, ಇವನು ಕಸುಬಿನವನು," ಎಂದ ಮ್ಯಾಪ್. "ನಾನು ಬಿಚ್ಚಿದ್ರೆ ನಾಲ್ಕು ಬೋಲ್ಟು ಇಲ್ಲೇ ಕಳೆದುಹೋಗ್ತಿತ್ತು."

"ನಿನ್ನನ್ನ ಸಂಶಯದ ಪಟ್ಟಿಯಿಂದ ತೆಗೆದೆ ಬಿಡು," ಎಂದರು ಡೋರೀನ್.

ಠಾಣೆಗೆ ಮರಳಿ ಅವರು ಫೋಟೋಗಳನ್ನು ಮೇಜಿನ ಮೇಲೆ ಹರಡಿದರು. ಸೋಮವಾರ ಪೋಸ್ಟರಿಗೆಂದು ರಾಸ್ಕೋ ತೆಗೆಸಿದ್ದು ಒಂದಷ್ಟು, ಮಂಗಳವಾರ ಮ್ಯಾಪ್ ತೆಗೆದದ್ದು ಒಂದಷ್ಟು. ನಾಲ್ಕೂವರೆಗೆ ಡೋರೀನ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಕ್ಯಾಲ್ವಿನ್, ಇಂಜಿನ್ ಕೂರೋ ಜಾಗದ ಹಿಂದಿನ ತಗಡು ನೋಡು. ಸೋಮವಾರ ಏನಿದೆ?"

"ಹಳದೀಲಿ ‘ಓಕೆ 12’. ತಪಾಸಣೆ ಮಾಡಿದವನು ಹಾಕೋ ಗುರುತು. ರಾಸ್ಕೋನೇ ಬರೆದಿದ್ದು."

"ಮಂಗಳವಾರ?"

ಮ್ಯಾಪ್ ಬಗ್ಗಿ ನೋಡಿದ. ಹಳದಿ ಇರಲಿಲ್ಲ. ಅದನ್ನು ಒರೆಸಿ, ಅದೇ ಜಾಗದಲ್ಲಿ ದಪ್ಪ ನೀಲಿಯಲ್ಲಿ ‘ಓಕೆ 47’ ಎಂದು ಬರೆದಿತ್ತು. ಕೈ ನಡುಗದ, ಒಂದೇ ಎಳೆತದ ಬರಹ.

"ಅಯ್ಯೋ ದೇವರೇ," ಎಂದ ಅವನು, "ಕದಿಯೋಕೆ ಬಂದು ತಪ್ಪು ತಿದ್ದಿ ಹೋಗಿದ್ದಾನೆ."

ನನಗಂತೂ ಇಡೀ ಕೇಸಿನಲ್ಲಿ ಇದನ್ನು ಕೇಳಿದಾಗ ಆದಷ್ಟು ಖುಷಿ ಇನ್ಯಾವುದಕ್ಕೂ ಆಗಲಿಲ್ಲ. ಯಾವ ಊರ ಕಳ್ಳ ಹೀಗೆ ಮಾಡುತ್ತಾನೆ ಹೇಳಿ. ನಮ್ಮೂರವನು ಮಾತ್ರ.

ರಾಸ್ಕೋ ಫೋನಿನಲ್ಲೇ ತಲೆ ಚಚ್ಚಿಕೊಂಡ. ತಗಡಿನ ಮೇಲಿನ ಮೂಲ ಗುರುತು ಬಣ್ಣದಡಿ ಮುಚ್ಚಿಹೋಗಿತ್ತು. ಬೇರೆ ಊರ ಫ್ಯಾಕ್ಟರಿಯ ಕಾರು ನೋಡಿ ಅಂದಾಜಿನಲ್ಲಿ ಬರೆದಿದ್ದನಂತೆ. ಡೋರೀನ್ ಕೇಳಿದ್ದಕ್ಕೆ ಬಾಗಿಲ ಹೆಸರುಗಳ ಒಂದು ಫೋಟೋ ಕಳಿಸಿದ. ಯಾರಿಗೂ ತೋರಿಸಬೇಡಿ ಎಂದು ಮೂರು ಸಲ ಹೇಳಿದ. ಹನ್ನೊಂದು ಹೆಸರು. ಅವೂ ಅದೇ ನೀಲಿ.

ಬುಧವಾರ ಹತ್ತು ಗಂಟೆಗೆ ಇಬ್ಬರೂ ಯೂನಿಯನ್ ಹಾಲಿಗೆ ಹೋದರು. ಫ್ಯಾಕ್ಟರಿ ಮುಚ್ಚಿ, ಅದರ ಕಾಗದಪತ್ರವೆಲ್ಲ ಮಣ್ಣುಪಾಲಾಗಿ ಬಹಳ ಕಾಲವಾಗಿದೆ. ನಂಬರುಗಳು ಉಳಿದಿರುವುದು ಇಸ್ಪೀಟು ಆಡುವ ಮುದುಕರ ತಲೆಯಲ್ಲೇ. ನಾಲ್ವರು ಕಾಫಿ, ಸಾಸೇಜ್ ಇಟ್ಟುಕೊಂಡು ಕೂತಿದ್ದರು.

"ನೀಲಿ ಪೆನ್ಸಿಲು, ನಲವತ್ತೇಳು. ಯಾರ ನಂಬರು?"

ಸ್ಟಾಶ್ ಎಂಬ ಹಿರಿಯ ಎಲೆಯಿಂದ ಕಣ್ಣು ತೆಗೆಯದೆ ಹೇಳಿದ: "ಎಲ್ಡನ್ ಪ್ರೂಯಿಟ್. ಇನ್ಯಾರು? ಬಾಗಿಲ ಸಂದು ಕೂದಲೆಳೆ ಹೆಚ್ಚಾದ್ರೆ ಕಾರು ವಾಪಸ್ ಕಳಿಸ್ತಿದ್ದ ಮಹರಾಯ. ಅವನ ಮದುವೇಲಿ ಚರ್ಚಿನ ಬಾಗಿಲಿಗೂ ಬೆರಳಾಡಿಸಿ ನೋಡಿದ್ದ." ಮಿಕ್ಕವರು ಮೇಜು ಬಡಿದು ನಕ್ಕರು.

"ಈಚೆಗೆ ಶೆಡ್ಡಿಗೆ ಹೋಗಿದ್ದನಾ?"

"ಅದೇ ನೋಡಮ್ಮ. ನಾವೆಲ್ಲ ಹೋದ್ವಿ. ಅವನನ್ನ ಮೂರು ಸಲ ಕರೆದ್ರೂ ಬರಲಿಲ್ಲ."

ಮೈಕಿನ ತಂತಿ ಬಿಡಿಸುತ್ತಿದ್ದ ಹೆಂಗಸೊಬ್ಬಳು ಹತ್ತಿರ ಬಂದಳು. ಮಾರ್ಲಾ ಪ್ರೂಯಿಟ್, ಯೂನಿಯನ್ನಿನ ಕಾರ್ಯದರ್ಶಿ, ಎಲ್ಡನ್‌ನ ಒಬ್ಬಳೇ ಮಗಳು. ಶನಿವಾರ ಹೆಸರು ಓದುವವಳು ಅವಳೇ.

"ಬಾಗಿಲು ಸಿಗುತ್ತಲ್ವಾ ಮೇಡಂ? ನಮ್ಮಪ್ಪನ ಹೆಸರು ನಾಲ್ಕನೇದು. ಎರಡನೇ ಕ್ಲಾಸಿಂದ ಕೇಳ್ಕೊಂಡು ಬಂದಿದೀನಿ. ನಾನು ಯೂನಿಯನ್ನಿಗೆ ಸೇರಿದ್ದೇ ಆ ಕತೆ ಕೇಳಿ. ಓದುವಾಗ ಎಲ್ಲಿ ಅತ್ತುಬಿಡ್ತೀನೋ ಅಂತ ಈಗಲೇ ಭಯ."

"ಹುಡುಕ್ತಿದೀವಿ," ಎಂದರು ಡೋರೀನ್. ಫೋಟೋ ಅವರ ಚೀಲದಲ್ಲೇ ಇತ್ತು. ನಾಲ್ಕನೆಯದು ಬೇರೆ ಯಾರದೋ ಹೆಸರು. ಹನ್ನೊಂದರಲ್ಲಿ ಎಲ್ಲೂ ಪ್ರೂಯಿಟ್ ಇರಲಿಲ್ಲ.

ಹೊರಗೆ ಬಂದು ಕಾರಿನಲ್ಲಿ ಕೂತ ಡೋರೀನ್ ಫೋಟೋ ತೆಗೆದು ನಾಲ್ಕನೆಯ ಹೆಸರನ್ನು ಮತ್ತೆ ನೋಡಿದರು. ಮ್ಯಾಪನ ಉತ್ಸಾಹವೂ ಇಳಿದಿತ್ತು. ಅಂದು ಸಂಜೆ ನ್ಯಾಯಾಧೀಶರಿಂದ ಶೋಧನಾ ವಾರಂಟ್ ಸಿಕ್ಕಿತು.

ಆಗಸ್ಟ್ 15, ಗುರುವಾರ, ಬೆಳಿಗ್ಗೆ 10.30. ಎಲ್ಡನ್ ಪ್ರೂಯಿಟ್, ವಯಸ್ಸು 74, ತನ್ನ ಗ್ಯಾರೇಜಿನ ಶಟರನ್ನು ತಾನೇ ಎತ್ತಿದ. ಬಾಗಿಲು ಬಡಗಿಗಳು ಬಳಸುವ ಎರಡು ಮರದ ಸ್ಟ್ಯಾಂಡುಗಳ ಮೇಲೆ, ರಜಾಯಿ ಹಾಸಿ ಮಲಗಿಸಿದಂತಿತ್ತು. ಪಕ್ಕದಲ್ಲಿ ಒಂದು ನೀಲಿ ಮೇಣದ ಪೆನ್ಸಿಲು.

"ನೀವೇ ತಂದಿದ್ದಾ?"

"ನಾನೇ."

"ಯಾಕೆ?"

"ನನ್ನ ಹೆಸರು ಬರೆದು, ಶುಕ್ರವಾರ ಹೋಗಿ ಕೂರಿಸಿ ಬರೋಣ ಅಂತ. ಊಟದ ಹೊತ್ತಲ್ಲಿ ಇಪ್ಪತ್ತು ನಿಮಿಷದ ಕೆಲಸ."

"ರಾಸ್ಕೋ ಹತ್ರ ಫೋಟೋ ಇತ್ತು."

"ಹೌದಾ? ನಂಗೆ ಹೊಳೀಲೇ ಇಲ್ಲ."

ಡೋರೀನ್ ಬಗ್ಗಿ ನೋಡಿದರು. ಹನ್ನೊಂದನೆಯ ಹೆಸರಿನ ಕೆಳಗೆ ಒಂದು ಗೇಣು ಜಾಗ ಧೂಳು ಒರೆಸಿ ಚೊಕ್ಕಟವಾಗಿತ್ತು. ಅಲ್ಲಿ ಏನೂ ಬರೆದಿರಲಿಲ್ಲ.

"ಎರಡು ದಿನ ಇತ್ತಲ್ಲ. ಬರೀಲಿಲ್ಲ ಯಾಕೆ?"

ಎಲ್ಡನ್ ಸ್ಟೂಲಿನ ಮೇಲೆ ಕೂತ. "ಹನ್ನೊಂದು ವರ್ಷ ಬಾಗಿಲು ತಪಾಸಣೆ ಮಾಡ್ದೋನು ನಾನು. ಸರಿ ಇಲ್ಲದ್ದಕ್ಕೆ ಒಂದು ದಿನ ಓಕೆ ಹಾಕಿಲ್ಲ. ಪೆನ್ಸಿಲು ಹಿಡ್ಕೊಂಡು ಹೋಗ್ತೀನಿ, ಕೈ ನಿಂತುಬಿಡುತ್ತೆ ಕಣಮ್ಮ."

"ಅವತ್ತು ಏನಾಯ್ತು?"

"ಹೆಸರು ಬರೆದ ಪೆನ್ಸಿಲು ನಂದೇ. ನನ್ನ ಜೇಬಿಂದ ಕಿತ್ಕೊಂಡು ಒಬ್ಬೊಬ್ಬರೇ ಬರೆದ್ರು. ವಾಪಸ್ ನನ್ನ ಕೈಗೆ ಬರೋ ಹೊತ್ತಿಗೆ ಫೋರ್‌ಮನ್ ಮೆಟ್ಟಿಲಿಳೀತಿದ್ದ. ಜೇಬಿಗಿಟ್ಕೊಂಡೆ. ಹೆದರಿಕೆ. ಎಲ್ಲರೂ ಹೋದಮೇಲೆ, ಗುಂಪಲ್ಲಿ ಹಿಂದಿಂದ ನಾನೂ ಹೋದೆ. ಮನೆಗೆ ಬಂದು ಹೆಂಡತಿಗೆ ‘ನಾಲ್ಕನೇದು ನಂದೇ’ ಅಂದೆ. ಅದು ಹಾಗೇ ಉಳ್ಕೊಂಡ್ತು. ಮಗಳು ದೊಡ್ಡವಳಾದಳು, ಅವಳಿಗೂ ಅದನ್ನೇ ಹೇಳಿದೆ."

ಮ್ಯಾಪನಿಗೆ ತಡೆಯಲಾಗಲಿಲ್ಲ. "ಆ ನಲವತ್ತೇಳು ಬರೀದಿದ್ರೆ ನೀವು ಸಿಗ್ತಾನೇ ಇರ್ಲಿಲ್ಲ ಸಾರ್."

"ಹಳದಿ ಹಚ್ಚಿದ್ದನಲ್ಲಪ್ಪ ಪುಣ್ಯಾತ್ಮ. ನಮ್ಮಲ್ಲಿ ಹಳದಿ ಅಂದ್ರೆ ರಿಪೇರಿಗೆ ಕಳಿಸೋ ಕಾರು. ಆ ಕಾರು ನಾನು ಪಾಸು ಮಾಡಿದ್ದು. ನೋಡ್ಕೊಂಡು ಹೆಂಗೆ ಸುಮ್ನೆ ಬರ್ಲಿ?"

11.05ಕ್ಕೆ ಅವನ ಹಕ್ಕುಗಳನ್ನು ಓದಿ ಹೇಳಿ ಬಂಧಿಸಲಾಯಿತು. ಕೈಗೆ ಬೇಡಿ ಹಾಕಲಿಲ್ಲ. ಬಾಗಿಲನ್ನು ವ್ಯಾನಿಗೆ ಏರಿಸುವಾಗ ಅವನು, "ಕೀಲಿನ ಕಡೆ ಹಿಡೀರಪ್ಪ, ತುದಿ ಹಿಡಿದ್ರೆ ಸೊಟ್ಟ ಆಗುತ್ತೆ," ಎಂದು ಮ್ಯಾಪನಿಗೆ ಎರಡು ಸಲ ಹೇಳಿದ.

ಮಾರ್ಲಾ ಮಧ್ಯಾಹ್ನ ಠಾಣೆಗೆ ಬಂದಳು. ಡೋರೀನ್ ಎಲ್ಡನ್‌ನನ್ನು ಅವಳ ಎದುರಿಗೆ ಕೂರಿಸಿ, ಅವನ ಹೇಳಿಕೆಯನ್ನೂ ಫೋಟೋವನ್ನೂ ಮುಂದಿಟ್ಟರು. ಅವಳು ಬೆರಳಿಟ್ಟು ಒಂದೊಂದೇ ಹೆಸರು ಓದಿದಳು. ಕೊನೆಗೆ ಬಂದು ಮತ್ತೆ ಮೊದಲಿಂದ ಓದಿದಳು.

"ನಾಲ್ಕನೇದು ಅಂದಿದ್ದೆ ಅಪ್ಪ."

"ಅಂದಿದ್ದೆ."

"ಅಮ್ಮನಿಗೂ ಗೊತ್ತಿರ್ಲಿಲ್ವಾ?"

"ಇಲ್ಲ ಪುಟ್ಟಾ."

ಅವಳು ಎದ್ದು ಹೋದಳು. ಸಂಜೆ ಅವನಿಗೆ ಜಾಮೀನಾಯಿತು. ಕರೆದೊಯ್ಯಲು ಸ್ಟಾಶ್ ಬಂದಿದ್ದ. ವಿಚಾರಣೆ ಸೆಪ್ಟೆಂಬರಿಗೆ ನಿಂತಿತು. ರಾಸ್ಕೋ ದೂರು ವಾಪಸು ಪಡೆಯುತ್ತೇನೆಂದು ಕುಣಿದ, ಅದು ಅವನ ಕೈಲಿರಲಿಲ್ಲ. ಶುಕ್ರವಾರ ಬಾಗಿಲಿನ ಫೋಟೋ, ಅಳತೆ ದಾಖಲಿಸಿ ಅವನಿಗೆ ಒಪ್ಪಿಸಲಾಯಿತು.

ಶನಿವಾರ ಅಂಗಳ ಕಿಕ್ಕಿರಿದಿತ್ತು. ಆ ಬೋಳು ಬೂದು ಕಾರನ್ನು ನೋಡಲು ಜನ ಒಬ್ಬರ ಹೆಗಲ ಮೇಲೊಬ್ಬರು ಬಿದ್ದರು, ಮುದುಕರು ಮುಟ್ಟಿ ಮುಟ್ಟಿ ನೋಡಿದರು. ಎಲ್ಡನ್ ಬೇಲಿಯಾಚೆ ರಸ್ತೆಯಲ್ಲಿ ನಿಂತಿದ್ದ. ಮಾರ್ಲಾ ಬಟ್ಟೆ ಸರಿಸಿ ಹನ್ನೊಂದು ಹೆಸರನ್ನೂ ಓದಿದಳು, ಒಂದೊಂದಕ್ಕೂ ಚಪ್ಪಾಳೆ. ಮುಗಿಯಿತೆಂದು ಎಲ್ಲರೂ ಅಂದುಕೊಂಡಾಗ ಅವಳು ಮೈಕು ಹಿಡಿದೇ ಕಾರಿನ ಮುಂದಕ್ಕೆ ಬಂದು ಬಗ್ಗಿದಳು.

"ಇಲ್ಲೊಂದು ಗುರುತಿದೆ," ಎಂದಳು. "ಓಕೆ ನಲವತ್ತೇಳು. ಈ ಕಾರನ್ನ ಅವತ್ತು ಪಾಸು ಮಾಡಿದವನು ಎಲ್ಡನ್ ಪ್ರೂಯಿಟ್, ನಮ್ಮಪ್ಪ. ಅವನು ಹೆಸರು ಬರೀಲಿಲ್ಲ. ಹೆದರಿದ. ಅಲ್ಲಿರೋ ಹನ್ನೊಂದೂ ಹೆಸರು ಅವನ ಪೆನ್ಸಿಲಲ್ಲಿ ಬರೆದಿದ್ದು."

ಜನರ ತಲೆಗಳೆಲ್ಲ ಬೇಲಿಯ ಕಡೆ ತಿರುಗಿದವು. ಸ್ಟಾಶ್ "ಒಳಗೆ ಬಾರೋ, ಬಾಗಿಲ ಸಂದು ನೋಡು, ಈ ರಾಸ್ಕೋ ಸೊಟ್ಟ ಕೂರಿಸಿದ್ದಾನೆ," ಎಂದು ಕೂಗಿದ. ಎಲ್ಡನ್ ಬಂದ. ಸಂದಿನುದ್ದಕ್ಕೂ ಹೆಬ್ಬೆರಳಾಡಿಸಿ ಸ್ಪ್ಯಾನರ್ ಕೇಳಿದ. ಅದನ್ನು ತಂದುಕೊಟ್ಟವಳು ಮಾರ್ಲಾ.

ಸೋಮವಾರ ಡೋರೀನ್ ಕಡತ ಮುಗಿಸಿದರು. ವಶಪಡಿಸಿಕೊಂಡ ವಸ್ತು: ನೀಲಿ ಮೇಣದ ಪೆನ್ಸಿಲ್, ಒಂದು. ಅಪರಾಧದ ಉದ್ದೇಶ ಎಂಬಲ್ಲಿ ಅವರು ಬಹಳ ಹೊತ್ತು ಯೋಚಿಸಿ ಬರೆದದ್ದು ಇಷ್ಟು: ಆರೋಪಿ ಐವತ್ತು ವರ್ಷದ ಹಿಂದೆ ಹೇಳಿದ ಒಂದು ಸುಳ್ಳನ್ನು ನಿಜ ಮಾಡಲು ಹೋಗಿ, ಮಾಡಲಾರದೆ ಸಿಕ್ಕಿಬಿದ್ದಿದ್ದಾನೆ.